ಚಿಗರೆ ಪುಡಿಯೂ ಮಾಲೂರಿನ ಸೀಸೆಯೂ

ನಮ್ಮ ಬಚ್ಚಲುಮನೆಯಲ್ಲಿ ಈಗ ಒಂದು ಹೊಸ ಸೀಸೆ ಬಂದು ಕೂತಿದೆ. ಅದರ ಮೈಮೇಲೆ ಮೂರು ಸೀಗೆಕಾಯಿ, ಎರಡು ದಾಸವಾಳದ ಹೂ, ಅರ್ಧ ಕತ್ತರಿಸಿದ ಒಂದು ನೆಲ್ಲಿಕಾಯಿಯ ಚಿತ್ರ. ನನ್ನ ಹೆಂಡತಿ ತಂದದ್ದು. ನನಗೆ ಯಾವುದನ್ನೂ ಸುಲಭವಾಗಿ ನಂಬುವ ಸ್ವಭಾವವಿಲ್ಲ. ಕನ್ನಡಕ ಹಾಕಿಕೊಂಡು ಸೀಸೆಯ ಬೆನ್ನಿನ ಮೇಲಿದ್ದ ಇರುವೆಯಂಥ ಅಕ್ಷರಗಳನ್ನು ಓದಿದೆ. ಮೊದಲು ನೀರು, ಆಮೇಲೆ ನಾಲಿಗೆ ಹೊರಳದ ಹೆಸರುಗಳ ದೊಡ್ಡ ಮೆರವಣಿಗೆ. ಸೀಗೆಕಾಯಿ ಇದ್ದದ್ದು ಕೊನೆಯಿಂದ ಎರಡನೆಯ ಜಾಗದಲ್ಲಿ, ಮದುವೆ ಫೋಟೋದ ಮೂಲೆಯಲ್ಲಿ ಅರ್ಧ ಕಿವಿ ಮಾತ್ರ ಕಾಣುವ ದೂರದ ನೆಂಟನ ಹಾಗೆ.

"ಇದರಲ್ಲಿ ಸೀಗೆಕಾಯಿ ಇರೋದು ನಮ್ಮನೆ ಸಾರಿನಲ್ಲಿ ಕೇಸರಿ ಇದ್ದ ಹಾಗೆ" ಎಂದೆ.

"ನಿಮ್ಮ ತಲೇಲಿ ಕೂದಲಿರೋದೂ ಹಾಗೇ. ಸುಮ್ನೆ ಹಾಕ್ಕೊಳ್ಳಿ" ಎಂದಳು.

ಹಾಕಿಕೊಂಡೆ. ನೊರೆ ಬಂತು, ಘಮ ಬಂತು, ಕಣ್ಣು ಮಾತ್ರ ಉರಿಯಲಿಲ್ಲ. ಕಣ್ಣು ಉರಿಯದೆ ತಲೆಗೆ ನೀರು ಹಾಕಿಕೊಂಡರೆ ಏನೋ ಅರ್ಧಕ್ಕೇ ಬಿಟ್ಟು ಎದ್ದು ಬಂದಂತೆ ನನಗೆ. ಟವೆಲ್ಲಿನಲ್ಲಿ ತಲೆ ಒರೆಸಿಕೊಳ್ಳುತ್ತ ಯೋಚನೆ ಶುರುವಾಯಿತು. ನಾವು ಹುಡುಗರಾಗಿದ್ದಾಗ ತಲೆಗೆ ಹಾಕುತ್ತಿದ್ದದ್ದು ಏನು? ನೆನಪಿನಲ್ಲಿ ಒಂದು ಹಸಿರು ಪುಡಿ ಇದೆ. ಆದರೆ ನನ್ನ ನೆನಪನ್ನು ನಾನು ನಂಬುವುದಿಲ್ಲ. ನಮ್ಮ ಮನೆಯ ಮೊದಲ ಹಸು ಕಪ್ಪು ಎಂದು ಇಪ್ಪತ್ತು ವರ್ಷ ಎಲ್ಲರಿಗೂ ಹೇಳಿಕೊಂಡು ಬಂದಿದ್ದೆ. ಆಮೇಲೆ ಒಂದು ದಿನ ಅಣ್ಣ ಹಳೆಯ ಫೋಟೋ ತೋರಿಸಿದ. ಹಸು ಬಿಳಿ. ಅದರ ಪಕ್ಕದಲ್ಲಿ ನಿಂತಿದ್ದ ನಾನೇ ಕಪ್ಪು.

ಆದ್ದರಿಂದ ಅಣ್ಣನಿಗೆ ಫೋನ್ ಮಾಡಿದೆ. ಅವನು ಈಗಲೂ ಊರಿನಲ್ಲೇ ಇದ್ದಾನೆ.

"ಅಣ್ಣಾ, ಅಜ್ಜಿ ನಮ್ಮ ತಲೆಗೆ ಹಾಕ್ತಿದ್ದದ್ದು ಚಿಗರೆ ಪುಡಿ ತಾನೆ?"

"ಸೀಗೇಕಾಯಿ ಕಣೋ. ಚಿಗರೆ ಎಮ್ಮೆಗೆ ಹಾಕ್ತಿದ್ವಿ."

"ಎಮ್ಮೆಗೆ ಯಾರಾದ್ರೂ ಚಿಗರೆ ಹಾಕ್ತಾರಾ?"

"ನಿಂಗೇ ಎಲ್ಲಾ ಗೊತ್ತಿದ್ರೆ ಯಾಕೆ ಫೋನ್ ಮಾಡ್ದೆ?"

ಅಷ್ಟರಲ್ಲಿ ಫೋನು ಅತ್ತಿಗೆಯ ಕೈಗೆ ಹೋಯಿತು. "ಅವ್ರ ಮಾತೇನು ಕೇಳ್ತೀರ. ಚಿಗರೇನೇ. ನಂಗೊತ್ತಿಲ್ವಾ? ಅದ್ರಿಂದ ಒಂದು ದಿನ ನನ್ನ ಕೈಗುಣಾನೇ ಹೋಗಿತ್ತಲ್ಲ. ಅವತ್ತು ನೀವೆಲ್ಲಿದ್ರಿ ಹೇಳಿ ನೋಡಣ?"

"ಅಲ್ಲೇ ಇದ್ದೆನಲ್ಲ ಅತ್ತಿಗೆ, ನಿಮ್ಮ ಪರವಾಗಿ."

"ಇದ್ರಿ, ಇದ್ರಿ" ಎಂದು ನಕ್ಕಳು. ಆ ನಗು ನನಗೆ ಅಷ್ಟು ಸರಿ ಕಾಣಲಿಲ್ಲ. ಅದಕ್ಕೇ ಈ ವಿಷಯವನ್ನು ಬರೆದೇ ನೋಡಬೇಕು ಎನಿಸಿದೆ.

ನಮ್ಮೂರು ಮುಳಬಾಗಿಲಿನಿಂದ ಶ್ರೀನಿವಾಸಪುರಕ್ಕೆ ಹೋಗುವ ದಾರಿಯಲ್ಲಿ ಬಸ್ಸಿಳಿದು ಒಂದಷ್ಟು ದೂರ ಒಳಕ್ಕೆ ನಡೆಯಬೇಕಾದ ಹಳ್ಳಿ. ಎಪ್ಪತ್ತರ ದಶಕದ ಮೊದಲ ವರ್ಷಗಳಲ್ಲಿ ನಾನಿನ್ನೂ ಚಡ್ಡಿ ಹಾಕುತ್ತಿದ್ದ ಹುಡುಗ. ಶಾಸ್ತ್ರದ ಪ್ರಕಾರ ಗಂಡಸರ ಎಣ್ಣೆನೀರು ಶನಿವಾರ. ಶನಿವಾರ ಬೆಳಗ್ಗೆ ಶಾಲೆ ಇದ್ದದ್ದರಿಂದ ಅಜ್ಜಿ ಶಾಸ್ತ್ರವನ್ನು ಒಂದು ದಿನ ಮುಂದಕ್ಕೆ ತಳ್ಳಿದ್ದಳು. ಭಾನುವಾರ ಬೆಳಗ್ಗೆ ಅಣ್ಣನನ್ನೂ ನನ್ನನ್ನೂ ಹರಳೆಣ್ಣೆಯಲ್ಲಿ ಮುಳುಗಿಸಿ ಹಿತ್ತಲಿನ ಬಿಸಿಲಿಗೆ ನಿಲ್ಲಿಸುತ್ತಿದ್ದಳು. ಹಂಡೆಯ ಕೆಳಗೆ ಸೊಪ್ಪು ಬಿಡಿಸಿ ಉಳಿದ ಹಿಪ್ಪುನೇರಳೆ ಕಡ್ಡಿ ಉರಿಯುತ್ತಿತ್ತು. ಮನೆಯಲ್ಲಿ ರಾಗಿಯೇ ಊಟ, ಅನ್ನ ಆಗುತ್ತಿದ್ದದ್ದು ಭಾನುವಾರ ಮಾತ್ರ. ಆ ಅನ್ನ ಬಸಿದ ಗಂಜಿಯನ್ನು ಅಮ್ಮ ನಮಗೆ ಕುಡಿಯಲು ಕೊಡುತ್ತಿರಲಿಲ್ಲ, ಅಜ್ಜಿ ಅದನ್ನು ಮೊದಲೇ ನಮ್ಮ ತಲೆಗಳಿಗೆ ಮೀಸಲಿಟ್ಟಿದ್ದಳು. ಬೆಚ್ಚಗಿನ ಗಂಜಿಗೆ ಎರಡು ಹಿಡಿ ಚಿಗರೆ ಪುಡಿ ಸುರಿದು ಬೆರಳಲ್ಲಿ ಕಲಸುತ್ತಿದ್ದಳು.

ಚಿಗರೆ ಎಂದರೆ ನಮ್ಮ ಕಡೆಯ ಕಲ್ಲುಗುಡ್ಡಗಳ ಅಂಚಿನಲ್ಲಿ ತಾನಾಗಿ ಬೆಳೆಯುವ ಒಂದು ಮರ. ಎಲೆ ಹುಣಸೆಯದರ ಹಾಗೆ, ಅದಕ್ಕಿಂತಲೂ ಸಣ್ಣದು. ಅಜ್ಜಿಯ ತವರು ಆವನಿ. ಅಲ್ಲಿಯ ಬೆಟ್ಟದ ಚಿಗರೆ ಬಿಟ್ಟರೆ ಬೇರೆ ಕಡೆಯದಕ್ಕೆ ಜಿಡ್ಡು ಬಿಡಿಸುವ ತಾಕತ್ತಿಲ್ಲವೆಂದು ಅವಳ ನಂಬಿಕೆ. ಎಲೆಯನ್ನು ನೆರಳಲ್ಲಿ ಒಣಗಿಸಿ ಪುಡಿ ಮಾಡಿದರೆ ಆಯಿತು. ನೊರೆ ಅಷ್ಟಾಗಿ ಬರದು. ಆದರೆ ಅಂಥ ಹರಳೆಣ್ಣೆ ಕೂಡ ಅದರ ಮುಂದೆ ಸದ್ದಿಲ್ಲದೆ ಇಳಿದು ಹೋಗುತ್ತಿತ್ತು. ಒಂದೇ ತೊಂದರೆ, ಒಣಪುಡಿ ಗಾಳಿಗೆ ಎದ್ದರೆ ಅಜ್ಜಿ ಸೀನುತ್ತಿದ್ದಳು. ಒಂದಲ್ಲ, ಮೂರು. ಒಲೆಯ ಮೇಲೆ ಮೆಣಸಿನಕಾಯಿ ಹುರಿದು ಬೀದಿಯೆಲ್ಲ ಕೆಮ್ಮುತ್ತಿದ್ದರೂ ಕದಲದ ಮೂಗು ಚಿಗರೆಗೆ ಮಾತ್ರ ಸೋಲುತ್ತಿತ್ತು.

"ಕಣ್ಣು ಮುಚ್ಕೊಳ್ಳಾ. ತೆಗೆದ್ರೆ ನಂಗೊತ್ತಿಲ್ಲ" ಎನ್ನುವುದು ಅಜ್ಜಿಯ ಎಚ್ಚರಿಕೆ. ಅಣ್ಣ ಮುಚ್ಚಿಕೊಳ್ಳುತ್ತಿದ್ದ. ನಾನು ತೆಗೆಯುತ್ತಿದ್ದೆ. ನಿಜವಾಗಿಯೂ ಉರಿಯುತ್ತದೆಯೇ ಎಂದು ಪ್ರತಿ ಭಾನುವಾರ ಹೊಸದಾಗಿ ಪರೀಕ್ಷಿಸುವುದು ನನ್ನ ಪದ್ಧತಿ. ಪ್ರತಿ ಭಾನುವಾರವೂ ಉರಿಯುತ್ತಿತ್ತು.

ತಲೆಗೆ ಏನು ಹಾಕುತ್ತಾರೆ ಎಂಬುದರ ಮೇಲೆ ನಮ್ಮ ಬೀದಿಯ ಮನೆಗಳನ್ನು ಕಣ್ಣು ಕಟ್ಟಿಯೂ ಗುರುತಿಸಬಹುದಿತ್ತು. ಪಕ್ಕದ ಮನೆಯಲ್ಲಿ ಅಂಟುವಾಳ. ತೆಲುಗು ಬೆರೆತ ನಮ್ಮ ಬಾಯಲ್ಲಿ ಅದು ಕುಂಕುಡುಕಾಯಿ. ಆ ಮನೆಯಾಕೆ ಒಂದೇ ಪಾತ್ರೆಯ ನೊರೆಯಲ್ಲಿ ಮೊದಲು ತನ್ನ ರೇಷ್ಮೆ ಸೀರೆಯನ್ನೂ ಆಮೇಲೆ ಗಂಡನ ತಲೆಯನ್ನೂ ತೊಳೆಯುತ್ತಿದ್ದಳು. ಅವಳು ಯಾವುದಕ್ಕೆ ಹೆಚ್ಚು ಕಾಳಜಿ ತೋರಿಸುತ್ತಿದ್ದಳೆಂದು ಆ ಕ್ರಮವೇ ಹೇಳುತ್ತದೆ. ಮೇಷ್ಟರ ಮನೆಯಲ್ಲಿ ದಾಸವಾಳದ ಎಲೆ ರುಬ್ಬಿದ ಲೋಳೆ. ಶ್ರೀನಿವಾಸಪುರದ ನಮ್ಮ ಸೋದರಮಾವನದು ಕಡಲೆಹಿಟ್ಟು ಮತ್ತು ಹುಳಿ ಮಜ್ಜಿಗೆ. ಅವನು ಪಕ್ಕದಲ್ಲಿ ಕೂತರೆ ಬೋಂಡ ಕರಿಯುವ ಮುಂಚಿನ ಅಡಿಗೆಮನೆಯ ವಾಸನೆ ಬರುತ್ತಿತ್ತು. ಇಷ್ಟು ವಾಸನೆಗಳನ್ನು ನಾನು ನಿಜವಾಗಿ ಮೂಸಿದ್ದೆನೋ, ಈಗ ಬರೆಯುವಾಗ ಮೂಗಿಗೆ ಬರುತ್ತಿವೆಯೋ, ಅದನ್ನು ಖಾತ್ರಿ ಹೇಳಲಾರೆ.

ಚಿಗರೆ ಎಲೆಯನ್ನು ಪುಡಿ ಮಾಡಿಸಲು ಮುಳಬಾಗಿಲಿಗೆ ಹೋಗಬೇಕಿತ್ತು. ರಾಗಿ ಬೀಸುವ ಮಿಷನ್ನಿನಲ್ಲಿ ಅದನ್ನು ಹಾಕುವಂತಿಲ್ಲ. ಹಾಕಿದರೆ ಮುಂದಿನವರ ಮುದ್ದೆ ಕಹಿಯಾಗಿ ಊರಲ್ಲಿ ಜಗಳವಾಗುತ್ತದೆ. ಮುಳಬಾಗಿಲಿನಲ್ಲಿ ಒಬ್ಬ ಸಾಬರು ಅದಕ್ಕೇ ಬೇರೆ ಮಿಷನ್ನು ಇಟ್ಟಿದ್ದರು. ಮುಖಕ್ಕೆ ಟವೆಲ್ಲು ಸುತ್ತಿ, ಕಣ್ಣು ಮಾತ್ರ ಕಾಣುವಂತೆ, ರೆಪ್ಪೆಯ ಮೇಲೆಲ್ಲ ಹಸಿರು ಪುಡಿ ಹೊತ್ತು ನಿಲ್ಲುತ್ತಿದ್ದರು. ಗೋಣಿಚೀಲದಲ್ಲಿ ಎಲೆ ತೆಗೆದುಕೊಂಡು ಹೋಗಿ ಅದೇ ಚೀಲದಲ್ಲಿ ಪುಡಿ ತರುವುದು. ಹೈಸ್ಕೂಲಿಗೆ ಬಂದ ಮೇಲೆ ಆ ಕೆಲಸ ನನ್ನ ಪಾಲಿಗೆ ಬಂತು. ಎಂಎಸ್ಸಿ ಓದಲು ಬೆಂಗಳೂರಿಗೆ ಹೋದ ಮೇಲೂ, ರಜೆಗೆ ಬಂದರೆ ಚೀಲ ನನ್ನ ತಲೆಯ ಮೇಲೇ.

ಬೆಂಗಳೂರಿನ ಹಾಸ್ಟೆಲಿಗೆ ಅಜ್ಜಿ ಒಂದು ಡಬ್ಬಿ ಚಿಗರೆ ಕಟ್ಟಿಕೊಟ್ಟಿದ್ದಳು. ನನ್ನ ರೂಮಿನವನು ಅದನ್ನು ಚಟ್ನಿಪುಡಿ ಎಂದುಕೊಂಡು, ನಾನಿಲ್ಲದ ಹೊತ್ತು ನೋಡಿ, ಎಣ್ಣೆ ಹಾಕಿ ಕಲಸಿ ಇಡ್ಲಿಗೆ ಹಚ್ಚಿಕೊಂಡು ತಿಂದ. ಅವನ ಬಾಯಿಂದ ನೊರೆ ಬಂತೆಂದು ನಾನು ಎಷ್ಟೋ ಜನರಿಗೆ ಹೇಳಿದ್ದೇನೆ. ಚಿಗರೆಗೆ ಅಂಥ ನೊರೆಯೇ ಬರುವುದಿಲ್ಲವೆಂದು ಮೇಲೆ ನಾನೇ ಬರೆದಿದ್ದೇನೆ. ಎರಡರಲ್ಲೊಂದು ಸುಳ್ಳಿರಬೇಕು.

ಓದುತ್ತಿದ್ದದ್ದು ರಸಾಯನಶಾಸ್ತ್ರ. ಒಂದು ಸಲ ಲ್ಯಾಬಿನಿಂದ ಬಣ್ಣ ಬದಲಾಯಿಸುವ ಪರೀಕ್ಷಾ ಕಾಗದದ ಚೂರುಗಳನ್ನು ಜೇಬಿನಲ್ಲಿಟ್ಟುಕೊಂಡು ಊರಿಗೆ ಬಂದೆ. ಚಿಗರೆ ಕಲಸಿದ ನೀರಿಗೆ ಅದ್ದಿದೆ, ಹುಳಿಯ ಕಡೆಗೆ ಬಣ್ಣ ತಿರುಗಿತು. ಬಟ್ಟೆ ಸೋಪಿಗೆ ಅದ್ದಿದೆ, ಕ್ಷಾರದ ಕಡೆಗೆ ತಿರುಗಿತು. ಕೂದಲಿಗೆ ಯಾವುದು ಒಳ್ಳೆಯದೆಂದು ಅಜ್ಜಿಗೆ ಅರ್ಧ ಗಂಟೆ ವಿವರಿಸಿದೆ.

"ಅಂದ್ರೆ ನಾನು ಮಾಡ್ತಿರೋದು ಸರಿ ಅಂತೀಯಾ?"

"ಹೌದಜ್ಜಿ. ವೈಜ್ಞಾನಿಕವಾಗಿ ಸರಿ."

"ಇದ್ನ ಹೇಳಕ್ಕೆ ನಿಮ್ಮಪ್ಪ ನಿಂಗೆ ಬಸ್ ಚಾರ್ಜು ಕೊಟ್ಟು ಬೆಂಗ್ಳೂರಿಗೆ ಕಳಿಸ್ದನಾ?"

ಅಂದಿನಿಂದ ಅವಳ ಬಾಯಲ್ಲಿ ನನ್ನ ಹೆಸರು ಎಂಎಸ್ಸಿ ಎಂದಾಯಿತು. "ಏನ್ಲಾ ಎಂಎಸ್ಸಿ, ಎಮ್ಮೆಗೆ ನೀರಿಟ್ಟಾ?"

ನಮ್ಮ ಮನೆಯಲ್ಲಿ ಅಡಿಗೆಮನೆ ಅಮ್ಮನದು, ಹುಳದ ಮನೆ ಅಜ್ಜಿಯದು. ಹಿತ್ತಲಿಗೆ ಅಂಟಿದ್ದ ಉದ್ದನೆಯ ಒಂದು ಕೋಣೆಯಲ್ಲಿ ಬಿದಿರಿನ ತಟ್ಟೆಗಳನ್ನು ಒಂದರ ಮೇಲೊಂದು ಜೋಡಿಸಿ ರೇಷ್ಮೆಹುಳ ಸಾಕುತ್ತಿದ್ದೆವು. ಹುಳಕ್ಕೆ ವಾಸನೆಯಾಗದು. ಆ ಕೋಣೆಯ ಹೊಸ್ತಿಲಲ್ಲಿ ಅಜ್ಜಿ ಕಾವಲಿದ್ದಳು. "ಹೂ ತೆಗಿ." "ಬೀಡಿ ಸೇದಿ ಬಂದಿದ್ದೀಯಾ? ಆಚೆ ನಿಂತ್ಕೋ." ಮುಖಕ್ಕೆ ಪೌಡರು ಹಚ್ಚಿದವರಿಗೆ ಪ್ರವೇಶವಿಲ್ಲ, ಸೆಂಟು ಹಾಕಿದವರಿಗೆ ಬೀದಿಯಿಂದಲೇ ನಮಸ್ಕಾರ. ಚಿಗರೆ ಹಾಕಿ ಮಿಂದ ತಲೆಗೆ ಮಾತ್ರ ಅಡ್ಡಿಯಿರಲಿಲ್ಲ. "ಅದೂ ಎಲೆ, ಹುಳ ತಿನ್ನೋದೂ ಎಲೆ" ಎಂಬುದು ಅವಳ ತರ್ಕ. ನಾನು ಇದನ್ನು ಮೂಢನಂಬಿಕೆ ಎಂದು ವಾದಿಸಲು ಹೊರಟಿದ್ದೆ. ಆದರೆ ರೇಷ್ಮೆ ಇಲಾಖೆಯಿಂದ ಬಂದಿದ್ದ ಸಾಹೇಬರೂ ಹೊಸ್ತಿಲ ಹೊರಗೆ ನಿಂತು ಅದನ್ನೇ ಹೇಳಿಬಿಟ್ಟರು. ತಮ್ಮ ಬಾಯಲ್ಲಿದ್ದ ಎಲೆಅಡಿಕೆಯನ್ನೂ ಉಗುಳಿದರು.

ಇಂಥ ಮನೆಗೆ ಅತ್ತಿಗೆ ಮಾಲೂರಿನಿಂದ ಬಂದಳು. ಹೆಸರು ಪ್ರಮೀಳ. ಅವಳ ಟ್ರಂಕಿನಲ್ಲಿ ಸೀರೆಗಳ ನಡುವೆ, ಬಟ್ಟೆಯಲ್ಲಿ ಸುತ್ತಿದ ಒಂದು ಹಸಿರು ಸೀಸೆ. ನಾನು ಶಾಂಪೂ ಎಂಬುದನ್ನು ನಮ್ಮ ಮನೆಯಲ್ಲಿ ನೋಡಿದ್ದು ಅದೇ ಮೊದಲು. ಅಜ್ಜಿ ಮುಚ್ಚಳ ತಿರುಗಿಸಿ ಮೂಸಿದಳು.

"ಇದೇನೇ, ಪೆಪ್ಪರಮೆಂಟು ಕರಗಿಸಿ ಇಟ್ಟಂಗೈತೆ?"

"ಶಾಂಪೂ ಅಜ್ಜಿ. ನಮ್ಮೂರಲ್ಲಿ ಹೆಂಚಿನ ಫ್ಯಾಕ್ಟರಿ ಧೂಳಲ್ವಾ, ತಲೆ ತೊಳೆದ್ರೆ ಕೆಂಪು ನೀರು ಇಳಿಯುತ್ತೆ. ಇದು ಹಾಕಿದ್ರೇನೇ ಹೋಗೋದು."

"ಇಲ್ಲೇನು ನಾವು ಹೆಂಚು ಸುಡ್ತೀವಾ?"

ಅಣ್ಣ ಸೂರಿನ ಕಡೆ ನೋಡುತ್ತ ನಿಂತ. ಅವನು ಆಗಲೇ ಒಳ್ಳೆಯ ಗಂಡನಾಗುವ ದಾರಿಯಲ್ಲಿದ್ದ. ಕೊನೆಗೆ ಅಜ್ಜಿ ಮತ್ತು ಅತ್ತಿಗೆಯೇ ಒಂದು ಒಪ್ಪಂದಕ್ಕೆ ಬಂದರು. ಮನೆಯಲ್ಲಿ ಹುಳ ಇರುವಷ್ಟು ದಿನ ಚಿಗರೆ, ಬೆಳೆ ಮುಗಿದು ಗೂಡು ಮಾರಿದ ಮೇಲೆ ಸೀಸೆ. ಅತ್ತಿಗೆ ಅದನ್ನು ಚಾಚೂ ತಪ್ಪದೆ ನಡೆಸಿದಳು. ಕೆಲಸ ಬೇಗ ಕಲಿತಳು. ಎರಡು ಬೆಳೆ ಚೆನ್ನಾಗಿ ಬಂದದ್ದೇ ತಡ, "ನಮ್ಮ ಪ್ರಮೀಳನ ಕೈಗುಣ ಒಳ್ಳೇದು ಕಣ್ರೇ" ಎಂದು ಅಜ್ಜಿ ಬಾವಿಕಟ್ಟೆಯ ಬಳಿ ಹೇಳಿಬಿಟ್ಟಳು. ನಮ್ಮ ಕಡೆ ಇದು ಸಣ್ಣ ಮಾತಲ್ಲ. ಹುಳ ಹಣ್ಣಾಗಿ ಗೂಡು ಕಟ್ಟಲು ಸಿದ್ಧವಾದ ದಿನ ಬೀದಿಯ ಹೆಂಗಸರೆಲ್ಲ ಮುಯ್ಯಿಗೆ ಒಬ್ಬರ ಮನೆಗೆ ಒಬ್ಬರು ಹೋಗಿ ಕೈ ಹಚ್ಚಬೇಕು. ಕೈಗುಣ ಇದ್ದವಳನ್ನು ಬಾಗಿಲಿಗೆ ಬಂದು ಕರೆಯುತ್ತಾರೆ. ಇಲ್ಲವೆಂದು ಒಮ್ಮೆ ಹೆಸರು ಬಿತ್ತೋ, ಆ ಹೆಣ್ಣು ಎಷ್ಟು ವರ್ಷ ಬಾಳಿದರೂ ಊರಿಗೆ ಹೊರಗಿನವಳೇ.

ಅತ್ತಿಗೆಯ ಮೂರನೆಯ ಬೆಳೆಯ ಹೊತ್ತಿಗೆ ನಾನು ಪರೀಕ್ಷೆ ಮುಗಿಸಿ ರಜೆಗೆ ಬಂದಿದ್ದೆ. ಹುಳ ನಾಲ್ಕನೆಯ ಸಲ ಪೊರೆ ಬಿಟ್ಟಾಗಿತ್ತು. ಅದನ್ನು ನಮ್ಮವರು ಜ್ವರ ಎನ್ನುತ್ತಾರೆ. ನಾಲ್ಕನೆಯ ಜ್ವರ ಕಳೆದ ಹುಳಕ್ಕೆ ಬಕಾಸುರನ ಹಸಿವು. ಸೊಪ್ಪು ಹರಡಿದ ಕೂಡಲೇ ಸಾವಿರಾರು ಬಾಯಿ ಒಟ್ಟಿಗೆ ಮೇಯುವ ಸದ್ದು, ಹೆಂಚಿನ ಮೇಲೆ ಸಣ್ಣ ಮಳೆ ಹಿಡಿದ ಹಾಗೆ. ಆ ಸದ್ದು ಇಡೀ ಮನೆಗೆ ಕೇಳುತ್ತಿತ್ತು.

ನಾನು ಹೇಳಹೊರಟ ದಿನದ ಹಿಂದಿನ ದಿನ ಎರಡು ಕೆಲಸಗಳು ನಡೆದಿದ್ದವು. ನಾನು ಮುಳಬಾಗಿಲಿಗೆ ಹೋಗಿ ಚಿಗರೆ ಪುಡಿ ಮಾಡಿಸಿ ತಂದು, ಮಡಕೆಗೆ ಸುರಿದು, ಚೀಲವನ್ನು ಎರಡು ಸಲ ಕೊಡವಿ ಗೂಟಕ್ಕೆ ಸಿಕ್ಕಿಸಿದ್ದೆ. ಅತ್ತಿಗೆ ತವರಿನಲ್ಲಿ ಮಗುವೊಂದರ ನಾಮಕರಣ ಮುಗಿಸಿ ಸಂಜೆ ಬಂದಿದ್ದಳು. ಅವಳ ತಲೆ ಶಾಂಪೂವಿನಿಂದ ಘಮ್ಮೆನ್ನುತ್ತಿತ್ತು. ಹುಳದ ನೆನಪಾಗಿ ಅವಳೇ ಗಾಬರಿಯಾಗಿ, ಬೆಳಗ್ಗೆ ಎದ್ದವಳೇ ಎರಡು ಸಲ ಚಿಗರೆ ಹಾಕಿ ಮಿಂದು ಬಂದು ಹೊಸ್ತಿಲಲ್ಲಿ ತಲೆ ಬಗ್ಗಿಸಿ ನಿಂತಳು. ಅಜ್ಜಿ ಮೂಸಿ ನೋಡಿ "ಊಂ, ಹೋಗು" ಎಂದಳು.

ಆ ಬೆಳಗಿನ ಸೊಪ್ಪು ತಂದವನು ನಾನು. ಅತ್ತಿಗೆ ಅದನ್ನು ತಟ್ಟೆತಟ್ಟೆಗೂ ಹರಡಿದಳು. ಹುಳಗಳು ತಲೆಯೆತ್ತಿ ಅತ್ತಿತ್ತ ಆಡಿಸಿದವು. ಅಷ್ಟೇ. ಬಾಯಿ ಹಾಕಲಿಲ್ಲ. ಕೆಲವು ಸೊಪ್ಪಿನಿಂದ ಇಳಿದು ತಟ್ಟೆಯ ಅಂಚಿಗೆ ಹರಿದು ಹೋದವು. ಹಿತ್ತಲಲ್ಲಿದ್ದ ಅಜ್ಜಿ ಕೈಕೆಲಸ ಬಿಟ್ಟು ಎದ್ದಳು.

"ಏನೇ ಇದು, ಸದ್ದೇ ಇಲ್ವಲ್ಲ?"

ಒಳಗೆ ಬಂದು ಒಂದೊಂದೇ ತಟ್ಟೆ ನೋಡಿದಳು. ಆಮೇಲೆ ತಣ್ಣಗೆ, "ಪ್ರಮೀಳಾ, ಆಚೆ ಬಾ" ಎಂದಳು.

"ಅಜ್ಜಿ, ಎರಡು ಸಲ ತೊಳ್ಕೊಂಡಿದೀನಿ. ನೀವೇ ಮೂಸಿ ನೋಡಿ ಬಿಟ್ರಲ್ಲ."

"ನನ್ನ ಮೂಗು ಮುದಿಯಾಗೈತೆ. ಹುಳದ್ದಾಗಿಲ್ಲ. ಬಾ ಅಂದ್ನಲ್ಲ. ಈ ಬೆಳೆ ಹೋದ್ರೆ ಇನ್ಮೇಲೆ ನೀನು ಈ ಹೊಸ್ತಿಲು ತುಳೀಬೇಡ."

ಅತ್ತಿಗೆ ಹೊರಗೆ ಬಂದು ಬಾಗಿಲ ಪಕ್ಕ ಗೋಡೆಗೆ ಒರಗಿ ನಿಂತಳು. ಅಳಲಿಲ್ಲ. ಆದರೆ ತೇವ ಆರದ ಕೂದಲನ್ನು ಗಂಟು ಹಾಕಿ ಸೆರಗಿನಿಂದ ತಲೆ ಮುಚ್ಚಿಕೊಂಡಳು. ಆಗಲೇ ಪಕ್ಕದ ಮನೆಯಾಕೆ ಗೋಡೆಯ ಮೇಲಿಂದ ಇಣುಕಿ, "ಏನಾಯ್ತು, ನಿಮ್ಮ ಹುಳ ಸದ್ದೇ ಮಾಡ್ತಿಲ್ಲ?" ಎಂದು ಕೇಳಿಯೂ ಆಗಿತ್ತು. ಸಂಜೆಯೊಳಗೆ ಬೀದಿಗೆಲ್ಲ ಗೊತ್ತಾಗುವುದು ಖಂಡಿತ.

ಇಲ್ಲಿ ನಾನು ವಿಜ್ಞಾನದ ಕಡೆಯಿಂದ ಪ್ರವೇಶ ಮಾಡಿದೆ. "ಅಜ್ಜಿ, ಕೈಗುಣ ಅನ್ನೋದೆಲ್ಲ ಸುಳ್ಳು. ಪರೀಕ್ಷೆ ಮಾಡಿಬಿಡೋಣ. ಒಂದು ತಟ್ಟೆಗೆ ನೀನು ಸೊಪ್ಪು ಹಾಕು, ಇನ್ನೊಂದಕ್ಕೆ ಅತ್ತಿಗೆ ಹಾಕಲಿ. ಒಂದೇ ಚೀಲದ ಸೊಪ್ಪು. ಯಾವುದು ತಿನ್ನುತ್ತೆ ನೋಡೋಣ."

ಎರಡು ತಟ್ಟೆಗಳನ್ನು ಹೊರಗೆ ಜಗಲಿಗೆ ತಂದಿಟ್ಟೆ. ಅಜ್ಜಿ ಒಂದಕ್ಕೆ ಹಾಕಿದಳು, ಅತ್ತಿಗೆ ಇನ್ನೊಂದಕ್ಕೆ. ನಾನು ಗಡಿಯಾರ ನೋಡುತ್ತ ಕೂತೆ. ಎರಡೂ ತಿನ್ನಲಿಲ್ಲ.

"ನೋಡ್ದಾ? ಅವಳ ವಾಸ್ನೆ ಮನೆಗೆಲ್ಲಾ ಹರಡ್ಬಿಟ್ಟೈತೆ. ನನ್ನ ಕೈಗೂ ಅಂಟೈತೆ" ಎಂದಳು ಅಜ್ಜಿ.

ನನ್ನ ಪ್ರಯೋಗ ಅತ್ತಿಗೆಯ ಮೇಲೆ ಇನ್ನೊಂದು ಕಲ್ಲು ಹೇರಿ ಮುಗಿಯಿತು. ಎರಡು ಕಡೆಗೂ ಒಂದೇ ಸೊಪ್ಪು ಹಾಕಿಸಿದವನಿಗೆ ಆ ಸೊಪ್ಪಿನ ಮೇಲೇ ಅನುಮಾನ ಬರಲಿಲ್ಲವೆಂದರೆ, ನನಗೆ ಡಿಗ್ರಿ ಕೊಟ್ಟವರು ಈಗಲಾದರೂ ವಾಪಸು ಕೇಳಬಹುದು. ಅನುಮಾನ ಬಂದದ್ದು ಎಸ್ಸೆಸ್ಸೆಲ್ಸಿ ಓದಿದ್ದ ಅತ್ತಿಗೆಗೆ.

"ಅಜ್ಜಿ, ಸೊಪ್ಪು ಬದಲಾಯಿಸಿ ನೋಡಣ" ಎಂದಳು.

"ಸೊಪ್ಪಿಗೇನಾಗೈತೆ? ನಮ್ಮ ತೋಟದ್ದೇ ಅಲ್ವಾ?"

ಅತ್ತಿಗೆ ಸೆರಗು ಸಿಕ್ಕಿಸಿಕೊಂಡು ತೋಟಕ್ಕೆ ಓಡಿದಳು. ಮಡಿಲು ತುಂಬ ಹೊಸ ಸೊಪ್ಪು ಬಿಡಿಸಿಕೊಂಡು ಏದುಸಿರು ಬಿಡುತ್ತ ಬಂದು ಹೊಸ್ತಿಲ ಹೊರಗೇ ನಿಂತಳು. ಒಳಕ್ಕೆ ಕಾಲಿಡಲಿಲ್ಲ. ಅಜ್ಜಿ ಅವಳ ಮಡಿಲಿನಿಂದ ಎರಡು ಕೈಯಲ್ಲೂ ಬಾಚಿ ತೆಗೆದುಕೊಂಡು, ಬಾಗಿಲ ಹತ್ತಿರದ ತಟ್ಟೆಯ ಹಳೆಯ ಸೊಪ್ಪನ್ನು ತೆಗೆದುಹಾಕಿ ಹೊಸದನ್ನು ಹರಡಿದಳು. ನಾವೆಲ್ಲ ಕಿವಿಗೊಟ್ಟು ನಿಂತೆವು. ಅಣ್ಣ, ಅಮ್ಮ, ಗೋಡೆಯ ಮೇಲಿನ ಪಕ್ಕದ ಮನೆಯಾಕೆ, ಎಲ್ಲರೂ.

ಮೊದಲು ಒಂದೆರಡು ಹನಿ. ಆಮೇಲೆ ಮಳೆ.

ಅಜ್ಜಿ ತಿರುಗಿದಳು. ಮೂಲೆಯಲ್ಲಿದ್ದ ಸೊಪ್ಪಿನ ಚೀಲವನ್ನು ಎಳೆದು, ಬಾಯಿ ಅಗಲಿಸಿ, ಅದರೊಳಗೆ ಮುಖ ಇಟ್ಟಳು.

ಸೀನಿದಳು. ಒಂದು, ಎರಡು, ಮೂರು.

ಅಜ್ಜಿಗೆ ಸಿಟ್ಟು ನೆತ್ತಿಗೇರಿದರೆ ಕನ್ನಡ ಸಾಲುತ್ತಿರಲಿಲ್ಲ. "ಎವುರ್ರಾ ಈ ಗೋನೆಸಂಚಿ ತೆಚ್ಚಿಂದಿ?" ಎಂದು ಗುಡುಗಿದಳು. ಯಾರೋ ಈ ಚೀಲ ತಂದವನು ಎಂದು. ಮನೆಯವರೆಲ್ಲ ಸೊಪ್ಪು ತರುತ್ತಿದ್ದದ್ದು ಬಿದಿರಿನ ಮಂಕರಿಯಲ್ಲಿ. ಆ ಬೆಳಗ್ಗೆ ಮಂಕರಿ ಎದುರಿಗೆ ಕಾಣಲಿಲ್ಲವೆಂದು ಗೂಟದಲ್ಲಿದ್ದ ಚಿಗರೆ ಪುಡಿಯ ಚೀಲಕ್ಕೆ ಕೈ ಹಾಕುವ ಬುದ್ಧಿ ಎರಡು ವರ್ಷ ಹಾಸ್ಟೆಲಿನಲ್ಲಿ ಉಂಡವನಿಗೆ ಮಾತ್ರ ಬರಲು ಸಾಧ್ಯ.

ನನ್ನ ನೆನಪಿನ ಪ್ರಕಾರ ನಾನು ಎರಡು ಹೆಜ್ಜೆ ಮುಂದೆ ಬಂದು, "ನಾನೇ ಅಜ್ಜಿ. ತಪ್ಪು ನಂದು, ಅತ್ತಿಗೇದಲ್ಲ" ಎಂದು ಎದೆಯುಬ್ಬಿಸಿ ಹೇಳಿದೆ. ಮೊನ್ನೆ ಫೋನಿನಲ್ಲಿ ಇದನ್ನು ಅತ್ತಿಗೆಗೆ ಹೇಳಿದಾಗ ಅವಳು ಇನ್ನೊಮ್ಮೆ ನಕ್ಕಳು.

"ನೀವು ಎಮ್ಮೆ ಹಿಂದೆ ಇದ್ರಿ. ನಿಮ್ಮಣ್ಣ ಬೆರಳು ಮಾಡಿ ತೋರಿಸಿದ್ರು."

ಹಿಂದಿನಿಂದ ಅಣ್ಣನ ದನಿ: "ಎಮ್ಮೆ ಹಿಂದೆ ಅಲ್ಲ ಕಣೇ, ಹಂಡೆ ಹಿಂದೆ."

ಸಾಕ್ಷಿಗಳಲ್ಲೇ ಒಮ್ಮತವಿಲ್ಲದ್ದರಿಂದ ಈ ವಿಷಯವನ್ನು ಇಲ್ಲಿಗೇ ಬಿಡುತ್ತೇನೆ.

ಅಜ್ಜಿ ನನಗೆ ಬೈದದ್ದನ್ನು ಇಲ್ಲಿ ಬರೆಯುವುದಿಲ್ಲ. ಬಹುಪಾಲು ತೆಲುಗಿನಲ್ಲಿತ್ತು. ಎಲ್ಲ ತಟ್ಟೆಗಳಿಗೂ ಹೊಸ ಸೊಪ್ಪು ಬಿತ್ತು. ಬೆಳೆ ಉಳಿಯಿತು. ಆದರೆ ಅತ್ತಿಗೆಗೆ ಅಜ್ಜಿ ಒಂದು ಮಾತೂ ಹೇಳಲಿಲ್ಲ. ತಪ್ಪಾಯಿತು ಎಂಬ ಪದ ಅಜ್ಜಿಯ ಎರಡು ಭಾಷೆಗಳಲ್ಲೂ ಇರಲಿಲ್ಲ. ಅತ್ತಿಗೆಯೂ ಕೇಳಲಿಲ್ಲ. ಸೊಪ್ಪು ತಂದು ಹೊಸ್ತಿಲಲ್ಲಿ ಇಟ್ಟು ಹೋಗುವಳು, ಒಳಗೆ ಮಾತ್ರ ಬರಳು. "ಬಾರೇ ಒಳಕ್ಕೆ" ಎಂದು ಅಜ್ಜಿ ಒಮ್ಮೆ ಕರೆದರೆ, "ಬೇಡಜ್ಜಿ, ನನ್ನ ತಲೆ ವಾಸನೆ" ಎಂದಳು. ಮೆತ್ತಗೆ ಹೇಳಿದಳು. ಅಜ್ಜಿ ಹೊಸ್ತಿಲಿನ ಸೊಪ್ಪನ್ನು ತಾನೇ ಎತ್ತಿಕೊಂಡು ಒಳಗೆ ಹೋದಳು. ಅತ್ತ ಬಾವಿಕಟ್ಟೆಯಲ್ಲಿ ಚೀಲದ ಕಥೆಯನ್ನು ಯಾರೂ ಪೂರ್ತಿ ಕೇಳಿಸಿಕೊಂಡಿರಲಿಲ್ಲ. ಮಾಲೂರಿನ ಸೊಸೆ ಮುಟ್ಟಿದ್ದಕ್ಕೆ ಹುಳ ಮೇವು ಬಿಟ್ಟಿತಂತೆ ಎಂಬಷ್ಟು ಮಾತ್ರ ಉಳಿದಿತ್ತು.

ಐದನೆಯ ದಿನಕ್ಕೆ ಹುಳ ಹಣ್ಣಾಯಿತು. ಹಣ್ಣಾದ ಹುಳವನ್ನು ಬೆಳಕಿಗೆ ಹಿಡಿದರೆ ದ್ರಾಕ್ಷಿಯ ಹಾಗೆ ಒಳಗೆಲ್ಲ ಕಾಣುತ್ತದೆ. ಅಂಥವನ್ನು ಆರಿಸಿ ಗೂಡು ಕಟ್ಟಲು ಬಿದಿರಿನ ಚಂದ್ರಿಕೆಗೆ ಬಿಡಬೇಕು. ಹಣ್ಣು ಯಾವುದು, ಕಾಯಿ ಯಾವುದು, ಒಂದು ಚಂದ್ರಿಕೆಗೆ ಎಷ್ಟು, ಇದನ್ನೆಲ್ಲ ನಿಂತು ಹೇಳುವವಳು ಆ ಮನೆಯ ಯಜಮಾನಿ. ಮುಯ್ಯಿಗೆ ಬಂದ ಹೆಂಗಸರು ಅವಳ ಮಾತಿನಂತೆ ಕೈ ಆಡಿಸುತ್ತಾರೆ.

ಆ ಬೆಳಗ್ಗೆ ಅಜ್ಜಿ ಬಚ್ಚಲ ಕಲ್ಲಿನ ಮೇಲೆ ಹೋಗಿ ಕೂತಳು.

"ಪ್ರಮೀಳಾ, ನಿನ್ನ ಸೀಸೆ ತಾರೇ."

"ಯಾಕಜ್ಜಿ?"

"ಯಾಕೇಂದ್ರೆ? ಕುಡಿಯಕ್ಕಾ? ತಲೆಗೆ."

"ಇವತ್ತಾ? ಹುಳ ಹಣ್ಣಾಗಿದೆ ಅಜ್ಜಿ. ಹೆಂಗಸ್ರು ಬರೋ ಹೊತ್ತು."

"ಹಂಗಾರೆ ಬೇಗ ಉಜ್ಜು."

ನಾನು ಹೊರಗಿನಿಂದ ಕೂಗಿ ಹೇಳಿದೆ. "ಅಜ್ಜಿ, ಶಾಂಪೂನಿಂದ ಹುಳಕ್ಕೆ ಏನೂ ಆಗಲಿಲ್ಲ ಅಂತ ಮೊನ್ನೇನೇ ಗೊತ್ತಾಯ್ತಲ್ಲ. ಆಮೇಲೂ ನೀನು..."

"ನಿಂಗೆ ಗೊತ್ತಾಯ್ತು. ನಿನ್ನ ಕೆಲಸ ನೋಡ್ಕೊಳ್ಳಾ ಎಂಎಸ್ಸಿ."

ಬಚ್ಚಲಿನಿಂದ ಮಾತು ಕೇಳಿಸುತ್ತಿತ್ತು. "ಅಬ್ಬಬ್ಬಾ, ಎಷ್ಟೊಂದು ನೊರೆ! ನನ್ನ ತಲೇನೇ ಸಿಗ್ತಿಲ್ವಲ್ಲೇ."

"ಕಣ್ಣು ಮುಚ್ಕೊಳ್ಳಿ ಅಜ್ಜಿ."

"ಉರೀದೇ ಇಲ್ಲ ಕಣೇ ಇದು. ಉರೀದಿದ್ರೆ ಜಿಡ್ಡು ಹೋಯ್ತು ಅಂತ ಹೆಂಗೆ ಗೊತ್ತಾಗ್ತೈತೆ?"

ಅತ್ತಿಗೆ ನಕ್ಕದ್ದು ಕೇಳಿಸಿತು. ಆ ಐದು ದಿನಗಳಲ್ಲಿ ಅದೇ ಮೊದಲು.

ಸ್ವಲ್ಪ ಹೊತ್ತಿಗೆ ಪಕ್ಕದ ಮನೆಯಾಕೆಯ ಹಿಂದೆ ಹತ್ತು ಹನ್ನೆರಡು ಹೆಂಗಸರು ಬಂದರು. ಅಜ್ಜಿ ಜಗಲಿಯ ಬಿಸಿಲಿನಲ್ಲಿ ಬಿಳಿ ಕೂದಲು ಹರಡಿಕೊಂಡು ಕೂತಿದ್ದಳು. ಕೂದಲು ಹೊಸ ಹತ್ತಿಯ ಹಾಗೆ ಉಬ್ಬಿತ್ತು. ಬೀದಿಯ ತುದಿಗೂ ಪೆಪ್ಪರಮೆಂಟಿನ ವಾಸನೆ.

"ಇದೇನತ್ತೆ, ಹುಳ ಹಣ್ಣಾದ ದಿನ ಹಿಂಗೆ ಕೂತಿದ್ದೀಯ? ಒಳಗೆ ಬರಲ್ವಾ?" ಎಂದಳು ಪಕ್ಕದ ಮನೆಯಾಕೆ.

"ನಾನೆಂಗೆ ಬರ್ಲಿ? ನನ್ನ ತಲೆ ವಾಸ್ನೆ ನೋಡು. ಹುಳಕ್ಕಾಗಲ್ಲ" ಎಂದಳು ಅಜ್ಜಿ, ಎಲ್ಲರಿಗೂ ಕೇಳುವ ಹಾಗೆ. "ಒಳಗೆ ಪ್ರಮೀಳ ಅವ್ಳೆ. ಮೊನ್ನೆ ಈ ಬೆಳೆ ಉಳಿಸಿದ್ದು ಅವಳೇ, ನಾನಲ್ಲ. ಹೆಂಗೆ ಹೇಳ್ತಾಳೋ ಹಂಗೆ ಮಾಡಿ."

ಹೆಂಗಸರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಆಮೇಲೆ ತಲೆಯ ಹೂ ತೆಗೆದು ಜಗಲಿಯ ಮೇಲಿಟ್ಟು, ಕೈಕಾಲು ತೊಳೆದು, ಒಬ್ಬೊಬ್ಬರಾಗಿ ಒಳಗೆ ಹೋದರು. ಅತ್ತಿಗೆಯ ದನಿ ಅಳುಕುತ್ತ ಕೇಳಿಸಿತು. "ಅಕ್ಕಾ, ಅದಿನ್ನೂ ಹಣ್ಣಾಗಿಲ್ವೇನೋ... ಆದ್ರೆ ಇತ್ಲಾಗೆ ಬಿಡ್ತೀರಾ..."

ಅಜ್ಜಿ ಕೂದಲು ಕೊಡವುವುದನ್ನು ನಿಲ್ಲಿಸಿ ಕಿವಿಗೊಟ್ಟಳು. ಅವಳಿಗೆ ಅದು ಹಿಡಿಸಲಿಲ್ಲ.

"ಲೇ, ಹೋಗಿ ಅವಳ್ಗೆ ಹೇಳು" ಎಂದಳು ನನಗೆ. "ಹಂಗೆ ಬೇಡ್ಕೊಳ್ಳೋ ಹಂಗೆ ಹೇಳ್ಬಾರ್ದು. ಗದರಿಸಿ ಹೇಳ್ಬೇಕು ಅನ್ನು."

ನಾನು ಎದ್ದು ಹೋಗಿ ಹುಳದ ಮನೆಯ ಬಾಗಿಲಲ್ಲಿ ನಿಂತು ಗಂಟಲು ಸರಿಮಾಡಿಕೊಂಡೆ. ಅತ್ತಿಗೆ ಒಂದು ಹುಳವನ್ನು ಬೆರಳ ತುದಿಯಲ್ಲಿ ಎತ್ತಿ ಬೆಳಕಿಗೆ ಹಿಡಿದು ಹೆಂಗಸರಿಗೆ ತೋರಿಸುತ್ತಿದ್ದಳು. ನನ್ನ ನೆರಳು ಅದರ ಮೇಲೆ ಬಿತ್ತು.

"ಯಾರ್ರೀ ಅದು ಬಾಗಿಲಲ್ಲಿ?" ಎಂದಳು ತಿರುಗಿ ನೋಡದೆ. "ಬೆಳಕಿಗೆ ಅಡ್ಡ ನಿಲ್ಬೇಡಿ. ನಡೀರಿ ಆಚೆ!"